ಹಣ್ಣಾಯಿತೆಂದು ಹೇಳುವವರು

ಮೂಡಲಪಾಳ್ಯದ ಆ ಮನೆಯಲ್ಲಿ ಲಿಂಗಮ್ಮನ ಮಾತಿಗೆ ಬೆಲೆ ಇದ್ದದ್ದು ಒಂದೇ ಒಂದು ವಿಷಯಕ್ಕೆ. ಮಗನಿಗೆ ಹೆಣ್ಣು ಒಪ್ಪಿದ್ದು ಗಂಡ ನಾರಾಯಣಪ್ಪ. ಮುಂದಿನ ಗೋಡೆಗೆ ಗಿಳಿಹಸಿರು ಬಣ್ಣ ಬಳಿಸಿದ್ದು ಮಗ ಲಕ್ಷ್ಮೀಪತಿ. ಟಿ.ವಿ. ಯಾವ ಮೂಲೆಯಲ್ಲಿರಬೇಕು ಎಂದು ತೀರ್ಮಾನ ಮಾಡಿದವಳು ಮೂರು ವರ್ಷದ ಹಿಂದೆ ಕೆಂಗೇರಿಯಿಂದ ಬಂದ ಸೊಸೆ ಜಲಜಾ. ಇದ್ಯಾವುದಕ್ಕೂ ಲಿಂಗಮ್ಮನನ್ನು ಯಾರೂ ಕೇಳಲಿಲ್ಲ, ಕೇಳಲಿ ಎಂದು ಅವಳೂ ಕಾಯಲಿಲ್ಲ. ಆದರೆ ಹಿತ್ತಿಲಿನ ಹೊಗೆಕೋಣೆಯ ಬಾಗಿಲನ್ನು ಯಾವ ದಿನ ತೆಗೆಯಬೇಕು ಎಂಬ ಮಾತು ಬಂದಾಗ ಮಾತ್ರ ಮೂವರೂ ಬಾಯಿ ಮುಚ್ಚಿಕೊಂಡು ಅವಳ ಮುಖ ನೋಡುತ್ತಿದ್ದರು.

ಅವರದು ಬಾಳೆಹಣ್ಣಿನ ವ್ಯಾಪಾರ. ಮಾಗಡಿ, ಕನಕಪುರದ ಕಡೆಯಿಂದ ಲಾರಿಯಲ್ಲಿ ಹಸಿರು ಗೊನೆಗಳು ಬರುತ್ತಿದ್ದವು. ಅವನ್ನು ಕೋಣೆಯೊಳಗೆ ಒತ್ತಾಗಿ ಜೋಡಿಸಿ, ಬಾಗಿಲು ಹಾಕಿ, ಸಂದುಗೊಂದಿಗೆಲ್ಲ ಕೆಮ್ಮಣ್ಣು ಮೆತ್ತಿ, ಮಡಕೆಯಲ್ಲಿ ಹುಲ್ಲು ಬೆರಣಿ ಸುಟ್ಟು, ಗೋಡೆಯ ಬುಡದ ಕಿಂಡಿಯಿಂದ ಹೊಗೆ ಊದುತ್ತಿದ್ದರು. ಎರಡು ಸಲ ಹೊಗೆ ಕುಡಿದ ಗೊನೆ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಹಣ್ಣು. ಆ ಮೂರು ನಾಲ್ಕರ ನಡುವೆಯೇ ಇದ್ದದ್ದು ಕಷ್ಟವೆಲ್ಲ. ಒಂದು ದಿನ ಮೊದಲು ತೆಗೆದರೆ ಸಿಪ್ಪೆ ಹಳದಿ, ಒಳಗೆ ಕಾಯಿ. ಒಂದು ದಿನ ತಡವಾದರೆ ವಿಜಯನಗರದ ಅಂಗಡಿಗೆ ಹೋಗುವ ಹೊತ್ತಿಗೆ ಸಿಪ್ಪೆ ಕಪ್ಪು.

ಬಾಗಿಲಿನಲ್ಲಿ ಹೆಬ್ಬೆರಳು ತೂರುವಷ್ಟು ಒಂದು ತೂತು, ಅದಕ್ಕೊಂದು ಬಟ್ಟೆಯ ಬೆಣೆ. ಬೆಣೆ ತೆಗೆದು ಮೂಗಿಟ್ಟು ನೋಡಬೇಕು. ನೋಡುವವರು ಮನೆಗೊಬ್ಬರೇ ಎಂಬುದು ಆ ಮನೆಯ ಪದ್ಧತಿ. ಲಿಂಗಮ್ಮನ ಅತ್ತೆ ಪಟಾಲಮ್ಮ ಇರುವವರೆಗೂ ಲಿಂಗಮ್ಮ ಆ ಬಾಗಿಲ ಹತ್ತಿರ ಸುಳಿದವಳಲ್ಲ. ಇಬ್ಬರು ಮೂಸಿದರೆ ಎರಡು ಮಾತಾಗುತ್ತದೆ, ಅದು ತೀರ್ಮಾನ ಆಗುವ ತನಕ ಹಣ್ಣು ಕಾಯುವುದಿಲ್ಲ ಎಂದು ಮುದುಕಿ ಹೇಳುತ್ತಿತ್ತು. ಅತ್ತೆ ಹೋದ ಮೇಲೆ ಇಪ್ಪತ್ತೆರಡು ವರ್ಷ ಲಿಂಗಮ್ಮ ಮೂಸಿದ್ದಳು, ಹೇಳಿದ್ದಳು, ಒಂದು ಸಲವೂ ತಪ್ಪಿರಲಿಲ್ಲ. ಜಲಜಾ ಹೊಸದಾಗಿ ಬಂದಾಗ ಕುತೂಹಲಕ್ಕೆ ಬೆಣೆ ಎಳೆಯಲು ಹೋಗಿ ಅತ್ತೆಯಿಂದ ಚೆನ್ನಾಗಿ ಬೈಸಿಕೊಂಡಿದ್ದಳು.

ಈಗ ಸಂಗತಿ ಏನೆಂದರೆ, ಆ ಎಂಬತ್ತಾರನೆಯ ಇಸವಿಯ ಯುಗಾದಿಯಿಂದ ಲಿಂಗಮ್ಮನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

ಹಬ್ಬದ ಮುಂಚೆ ನಾಲ್ಕು ದಿನ ಜ್ವರ ಬಂದಿತ್ತು. ಎದ್ದು ಹೋಳಿಗೆಯ ಹೂರಣ ಕೆದಕುತ್ತಾ ನಿಂತಿದ್ದಾಗ ಜಲಜಾ ನಡುಮನೆಯಿಂದ ಓಡಿ ಬಂದು, ತಳ ಹತ್ತಿದೆಯಲ್ಲ ಅತ್ತೆ ಎಂದಳು. ಲಿಂಗಮ್ಮ ಬಗ್ಗಿ ನೋಡಿದಳು. ಪಾತ್ರೆಯ ತಳ ಕರಕಲಾಗಿತ್ತು, ಮೂಗಿಗೆ ಏನೂ ಬಂದಿರಲಿಲ್ಲ. ಶೀತ ಇಳಿದರೆ ಸರಿಹೋಗುತ್ತದೆ ಎಂದುಕೊಂಡಳು. ಓಮ ಕಟ್ಟಿ ಮೂಸಿದಳು, ಕರ್ಪೂರ ಮೂಸಿದಳು, ಬೆಳ್ಳುಳ್ಳಿ ಜಜ್ಜಿ ಮೂಗಿನ ಹತ್ತಿರ ಹಿಡಿದು ಕಣ್ಣಲ್ಲಿ ನೀರು ಬರಿಸಿಕೊಂಡಳು. ಕಣ್ಣಿಗೆ ಉರಿ ತಿಳಿಯಿತು, ವಾಸನೆ ತಿಳಿಯಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ಈ ಮನೆಯಲ್ಲಿ ತನಗೆ ಉಳಿಯುವುದು ಮುದ್ದೆ ತಿರುವುವುದು ಒಂದೇ ಎಂದು ಅವಳಿಗೆ ಭಯವಾಗಿತ್ತು.

ಹಾಗಾದರೆ ಯುಗಾದಿಯಿಂದ ಈಚೆಗೆ ಬಾಗಿಲು ತೆಗೆಸಿದ್ದು ಹೇಗೆ? ಲಿಂಗಮ್ಮ ಬುದ್ಧಿವಂತೆ. ಬೆಳಿಗ್ಗೆ ತಾನು ಬೆಣೆ ತೆಗೆದು ಮೂಗಿಟ್ಟು ನಿಲ್ಲುತ್ತಿದ್ದಳು. ಆಮೇಲೆ ಬೆಣೆ ಹಾಕದೆ ಹಾಗೇ ಈಚೆ ಬಂದು, ಬಾಗಿಲ ಪಕ್ಕ ತಾನೇ ಇಟ್ಟ ಪೊರಕೆಯನ್ನು ತರಲು ಜಲಜಾಳನ್ನು ಕಳಿಸುತ್ತಿದ್ದಳು. ಪೊರಕೆ ತೆಗೆಯಲು ಬಗ್ಗಿದರೆ ಜಲಜಾಳ ಮುಖ ತೂತಿನ ಎದುರಿಗೇ ಬರುತ್ತಿತ್ತು. ಕಾಯಿದ್ದರೆ ಹುಡುಗಿ ಸುಮ್ಮನೆ ಪೊರಕೆ ತರುವಳು. ಹಣ್ಣಾಗಿದ್ದರೆ ಅವಳ ಮುಖ ಒಂದು ಚೂರು ಮೇಲೇಳುತ್ತಿತ್ತು, ಅರೆಗಳಿಗೆ ಅಲ್ಲೇ ನಿಲ್ಲುತ್ತಿದ್ದಳು. ಅವಳಿಗೇ ಅದು ಗೊತ್ತಿರಲಿಲ್ಲ. ಲಿಂಗಮ್ಮ ಒಳಗೆ ಬಂದು ಗಂಡನಿಗೆ, ಇವತ್ತು ತೆಗೀರಿ ಎಂದು ಗಂಭೀರವಾಗಿ ಹೇಳುತ್ತಿದ್ದಳು.

ಆಷಾಢದಲ್ಲಿ ಹಿಂದಿನ ಮನೆಯ ವತ್ಸಲಾ ಬಂದಳು. ಅವರು ಅಲ್ಲಿ ಸೈಟು ಕೊಂಡು ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ವತ್ಸಲಾಗೆ ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಅವಳ ಮಾವ ಪುರುಷೋತ್ತಮ ರಾಯರು ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು, ಅವರಿಗೆ ಉಬ್ಬಸ. ಹೊಗೆ ಹಾಕಿದ ದಿನವೆಲ್ಲ ಗೋಡೆಯಾಚೆಯಿಂದ ಅವರ ಕೆಮ್ಮು ಲಿಂಗಮ್ಮನಿಗೆ ಕೇಳಿಸುತ್ತಿತ್ತು.

"ನಿಮ್ಮ ಹೊಟ್ಟೆ ಮೇಲೆ ಹೊಡೀಬೇಕು ಅಂತ ಅಲ್ಲ ಲಿಂಗಮ್ಮನವ್ರೇ" ಎಂದಳು ವತ್ಸಲಾ. "ಮಾವ ಮಲಗೋ ಹಾಗಿಲ್ಲ, ಮಲಗಿದ್ರೆ ಉಸಿರು ಹಿಡಿಯತ್ತೆ. ಏನಾದ್ರೂ ಮಾಡಿ. ನಮ್ಮನೆಯವ್ರು ಕಾರ್ಪೊರೇಷನ್‌ಗೆ ದೂರು ಬರೆದು ಕೊಡ್ತೀನಿ ಅಂತ ಕೂತಿದಾರೆ. ನಾನೇ ತಡೆದಿದೀನಿ."

ಆ ದಿನದ ಊಟ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮುದ್ದೆ ಮುರಿಯುವುದಕ್ಕೆ ಮೊದಲೇ ಜಗಳ ಶುರುವಾಯಿತು. ನಾರಾಯಣಪ್ಪ, ತಾವು ಇಲ್ಲಿಗೆ ಬಂದಾಗ ಇದು ರಾಗಿ ಹೊಲವಾಗಿತ್ತು, ಮೊದಲು ಬಂದವರು ತಾವು, ಹೊಗೆ ಬೇಡದವರು ಬೇರೆ ಕಡೆ ಹೋಗಲಿ ಎಂದ. ಲಕ್ಷ್ಮೀಪತಿ, ಕಾಲ ಹಾಗಿಲ್ಲ ಅಪ್ಪಾ ಎಂದ. ಸುಂಕದಕಟ್ಟೆಯಲ್ಲಿ ಅವನ ಸ್ನೇಹಿತನೊಬ್ಬ ವೆಲ್ಡಿಂಗ್ ಅಂಗಡಿಯಿಂದ ಕಾರ್ಬೈಡ್ ತಂದು ಪೊಟ್ಟಣ ಕಟ್ಟಿ ಗೊನೆಗಳ ಮಧ್ಯೆ ಇಡುತ್ತಾನಂತೆ. ಹೊಗೆ ಇಲ್ಲ, ಬೆರಣಿ ಇಲ್ಲ, ಒಂದೂವರೆ ದಿನಕ್ಕೆ ಹಳದಿ.

"ಕಬ್ಬಿಣ ಬೆಸೆಯೋ ಸಾಮಾನು" ಎಂದ ನಾರಾಯಣಪ್ಪ. "ದೇವರ ಮುಂದೆ ಇಡೋ ಹಣ್ಣಿಗೆ ಹಾಕ್ತೀಯೇನೋ?"

"ದೇವರೇನು ಮೂಸಿ ನೋಡ್ತಾನಾ?"

ಮೂಸುವ ಮಾತು ಬಂದ ಕೂಡಲೇ ಲಿಂಗಮ್ಮ ಸಾರಿನ ಪಾತ್ರೆ ತರುವ ನೆಪದಲ್ಲಿ ಎದ್ದು ಹೋದಳು. ಅವಳಿಗೆ ಯಾರು ಹೇಳುವುದು ಸರಿ ಎಂದು ತೋಚಲಿಲ್ಲ. ಗಂಡ ಹೇಳಿದ್ದೂ ನಿಜ. ರಾಯರ ಕೆಮ್ಮೂ ನಿಜ. ಮೊದಲಾದರೆ ಹೊಗೆ ಎಲ್ಲಿ ಸೋರುತ್ತಿದೆ ಎಂದು ಅಡುಗೆಮನೆಯಲ್ಲಿ ನಿಂತೇ ಹೇಳುತ್ತಿದ್ದಳು, ಹೋಗಿ ಮಣ್ಣು ಮೆತ್ತುತ್ತಿದ್ದಳು. ಈಗ ಎಷ್ಟು ಹೊಗೆ ಆಚೆಗೆ ಹೋಗುತ್ತಿದೆಯೋ, ಆ ಮುದುಕರ ಎದೆಗೆ ಎಷ್ಟು ಸೇರುತ್ತಿದೆಯೋ, ಅವಳಿಗೆ ಅಂದಾಜು ಸಿಗುತ್ತಿರಲಿಲ್ಲ.

ಆಗ ಜಲಜಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಕೊಂಡು ಕೇಳಿದಳು. "ಒಂದೇ ಸಲ ಅರವತ್ತು ಗೊನೆ ಯಾಕೆ ಹಣ್ಣು ಮಾಡ್ಬೇಕು ಮಾವ? ಮೊದಲನೇ ದಿನ ಇಪ್ಪತ್ತು ಹೋಗತ್ತೆ. ಎರಡನೇ ದಿನ ಇಪ್ಪತ್ತು. ಮೂರನೇ ದಿನಕ್ಕೆ ಉಳಿದಿದ್ದು ಕಪ್ಪಾಗಿ, ವಾರಕ್ಕೆ ಆರು ಗೊನೆ ಹಸುಗಳಿಗೆ ಸುರೀತೀವಿ. ಹಸು ತಿನ್ನೋದಕ್ಕೂ ನಾವು ಹೊಗೆ ಹಾಕಿರ್ತೀವಲ್ಲ?"

ಅವಳು ಮುಂದುವರಿಸಿದಳು. ಕೋಣೆಯ ನಡುವೆ ಒಂದು ಗೋಡೆ ಎಬ್ಬಿಸಿ, ಆ ಕಡೆಗೊಂದು ಪುಟ್ಟ ಬಾಗಿಲು ಇಡಿಸುವುದು. ಇವತ್ತು ಈ ಕಡೆಗೆ ಮೂವತ್ತು, ಎರಡು ದಿನ ಬಿಟ್ಟು ಆ ಕಡೆಗೆ ಮೂವತ್ತು. ಚಿಕ್ಕ ಕೋಣೆಗೆ ಅರ್ಧ ಮಡಕೆ ಹೊಗೆ ಸಾಕು. ಇನ್ನೊಂದು, ರಾಯರು ದಿನಾ ನಾಲ್ಕು ಗಂಟೆಗೆ ಛತ್ರಿ ಹಿಡಿದು ದೇವಸ್ಥಾನದ ಕಡೆ ವಾಕಿಂಗ್ ಹೋದರೆ ಬರುವುದು ಆರಕ್ಕೆ. ಆ ಎರಡು ಗಂಟೆಯಲ್ಲೇ ಹೊಗೆ ಹಾಕಿ ಮುಗಿಸಿಬಿಡುವುದು.

"ನಮ್ಮ ವ್ಯಾಪಾರ ಅವರ ವಾಕಿಂಗ್ ಮೇಲೆ ನಡೀಬೇಕಾ?" ಎಂದು ನಾರಾಯಣಪ್ಪ ಗೊಣಗಿದ. ಆದರೆ ವಾರಕ್ಕೆ ಆರು ಗೊನೆಯ ಮಾತು ಅವನಿಗೆ ನಾಟಿತ್ತು. ಮರುವಾರ ಗಾರೆಯವನು ಬಂದ. ಇನ್ನು ರಾಯರು ಮನೆಯಲ್ಲಿರುವಾಗ ಹೊಗೆ ಹಾಕುವುದಿಲ್ಲ ಎಂದು ಲಿಂಗಮ್ಮ ವತ್ಸಲಾಗೆ ಮಾತು ಕೊಟ್ಟಳು.

ಶ್ರಾವಣವೆಲ್ಲ ಚೆನ್ನಾಗಿ ನಡೆಯಿತು ಎಂದೇ ಹೇಳಬೇಕು. ನಾಲ್ಕು ಗಂಟೆಗೆ ಜಲಜಾ ಬಟ್ಟೆ ತೆಗೆಯಲು ತಾರಸಿಗೆ ಹತ್ತುವಳು, ಅಲ್ಲಿಂದ "ಹೊರಟ್ರು" ಎನ್ನುವಳು, ಕೆಳಗೆ ಲಿಂಗಮ್ಮ ಮಡಕೆಗೆ ಕಡ್ಡಿ ಗೀರುವಳು. ಆರಕ್ಕೆ ರಾಯರು ಬರುವ ಹೊತ್ತಿಗೆ ಗಾಳಿ ತಿಳಿಯಾಗಿರುತ್ತಿತ್ತು. "ರಾಯರು ಹೊರಟ್ರಾ?" ಎಂಬುದು ಮನೆಯಲ್ಲಿ "ಕಾಫಿ ಆಯ್ತಾ?" ಎನ್ನುವಷ್ಟು ಸಹಜವಾದ ಪ್ರಶ್ನೆಯಾಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಹಸುಗಳಿಗೆ ಹೋದದ್ದು ಅರ್ಧ ಗೊನೆ ಮಾತ್ರ. ವತ್ಸಲಾ ಅರಿಸಿನ ಕುಂಕುಮಕ್ಕೆ ಕರೆದಳು. ನಾರಾಯಣಪ್ಪ ಅಂಗಡಿಗೆ ಬಂದವರಿಗೆಲ್ಲ ಅಡ್ಡಗೋಡೆಯ ಉಪಾಯವನ್ನು ತನ್ನದೇ ಎಂಬಂತೆ ಹೇಳುತ್ತಿದ್ದ. ಜಲಜಾ ಅದನ್ನು ಕೇಳಿಸಿಕೊಂಡು ಮುಖ ಊದಿಸಿಕೊಂಡಳು, ಅಷ್ಟೇ.

ಲಿಂಗಮ್ಮನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಮೊದಲು ವಾರಕ್ಕೊಂದು ಸಲ ಬಾಗಿಲು ತೆಗೆಸಬೇಕಿತ್ತು, ಈಗ ಎರಡು ಸಲ. ಎರಡು ಬಾಗಿಲು, ಎರಡು ತೂತು. ಪೊರಕೆಯನ್ನು ಇಂಥ ಕಡೆಯೇ ಯಾಕೆ ಇಡುತ್ತೀರಿ ಎಂದು ಸೊಸೆ ಒಂದು ದಿನ ರೇಗಿದಳು. ಲಿಂಗಮ್ಮ, ನಿನಗೆ ಬಗ್ಗೋದಕ್ಕೆ ಬೇಜಾರಾ ಎಂದು ತಿರುಗಿ ಬೈದಳು. ಬೈದ ಮೇಲೆ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಗೌರಿ ಹಬ್ಬ ಶನಿವಾರ ಬಿದ್ದಿತ್ತು, ಮರುದಿನ ಗಣೇಶ. ಸೋಮವಾರ ಸಂಜೆ ಎಪ್ಪತ್ತು ಗೊನೆ ಬಂದು ಇಳಿಯಿತು. ವರ್ಷಕ್ಕೊಂದು ಸಲ ಮಾತ್ರ ಎಲ್ಲವೂ ಒಂದೇ ದಿನ ಹಣ್ಣಾಗಬೇಕು. ಶುಕ್ರವಾರ ಬೆಳಿಗ್ಗೆ ತಳ್ಳುಗಾಡಿಯವರು, ಅಂಗಡಿಯವರು ಬಾಗಿಲಿಗೇ ಬಂದು ಒಯ್ಯುತ್ತಾರೆ. ಎರಡೂ ಕೋಣೆ ತುಂಬಿ ಬಾಗಿಲಿಗೆ ಮಣ್ಣು ಮೆತ್ತಿದರು.

ಮಂಗಳವಾರ ಬೆಳಗಿನಿಂದ ಜಡಿಮಳೆ. ನಾಲ್ಕು ಗಂಟೆಗೆ ಜಲಜಾ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ತಾರಸಿಯ ಮೇಲೆ ನಿಂತಳು. ರಾಯರು ಹೊರಡಲಿಲ್ಲ. ಐದಾಯಿತು, ಆರಾಯಿತು. ಹೊಗೆ ಹಾಕಿದರೆ ಕೊಟ್ಟ ಮಾತು ಹೋಗುತ್ತದೆ, ಹಾಕದಿದ್ದರೆ ಹಬ್ಬ ಹೋಗುತ್ತದೆ ಎಂದು ಲಿಂಗಮ್ಮ ಮಡಕೆಯ ಮುಂದೆ ಕೈ ಹಿಸುಕಿಕೊಂಡು ಕೂತಳು. ನಾಳೆ ನೋಡೋಣ ಎಂದು ಎಲ್ಲರೂ ಒಳಗೆ ಬಂದರು.

ಬುಧವಾರವೂ ಜಲಜಾ ಮಳೆಯಲ್ಲೇ ಒಂದು ಗಂಟೆ ನಿಂತಳು. ಐದರ ಮೇಲೆ ಮಳೆ ನಿಂತು ಹೊಳವಾಗಿ, ರಾಯರು ಪಂಚೆ ಎತ್ತಿ ಕಟ್ಟಿಕೊಂಡು ಕೆಸರು ದಾಟಿ ಹೋದರು. ಎರಡು ಕೋಣೆಗೂ ತುಂಬು ಮಡಕೆ ಹೊಗೆ ಊದಿದರು. ಲಿಂಗಮ್ಮನ ಲೆಕ್ಕದಲ್ಲಿ ಗೊನೆಗೆ ಸಿಕ್ಕಿದ್ದು ಒಂದೇ ಹೊಗೆ, ಇನ್ನೊಂದಕ್ಕೆ ದಿನ ಉಳಿದಿರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಎಂದಿನಂತೆ ಬೆಣೆ ತೆಗೆದು ಮೂಗಿಟ್ಟಳು. ಬಾಗಿಲಿಗೆ ಕೈ ತಗುಲಿತು, ಹಲಗೆ ಬೆಚ್ಚಗಿತ್ತು. ಇಷ್ಟು ಬಿಸಿ ಯಾಕೆ ಎಂದುಕೊಂಡಳು. ನಿನ್ನೆ ಊದಿದ ಹೊಗೆಯ ಬಿಸಿ ಇರಬೇಕು ಎಂದೂ ಅಂದುಕೊಂಡಳು. ಸೊಸೆಯನ್ನು ಪೊರಕೆಗೆ ಕಳಿಸಿದಳು. ಜಲಜಾ ಬಗ್ಗಿದಳು, ಪೊರಕೆ ತೆಗೆದಳು, ಸೆರಗಿನಿಂದ ಮೂಗೊರೆಸಿಕೊಂಡು ವಾಪಸು ಬಂದಳು. ಮುಖದಲ್ಲಿ ಏನೂ ಇರಲಿಲ್ಲ.

ಒಳಗೆ ನಾರಾಯಣಪ್ಪ ಕಾಯುತ್ತಿದ್ದ. ನಾಳೆ ತೆಗೆಯೋಣ ಎಂದಳು. ಅವನು ಲೋಟ ಕೆಳಗಿಟ್ಟು, ಇವತ್ತೇ ತೆಗೆದರೆ ಹೇಗೆ ಎಂದ. ಹಾಗೆ ಅವನು ಯಾವತ್ತೂ ಕೇಳಿದವನಲ್ಲ. ಒಂದು ಗಳಿಗೆಯ ಮೇಲೆ ಲಕ್ಷ್ಮೀಪತಿ ಬನಿಯನ್ನು ತೊಡುತ್ತಾ ಬಂದು ಅದನ್ನೇ ಕೇಳಿದ. "ಇವತ್ತೇ ಒಂದ್ಸಲ ನೋಡ್ಬಿಡೋಣ್ವಾ ಅಮ್ಮ?"

ಲಿಂಗಮ್ಮನಿಗೆ ತಲೆ ಕೆಟ್ಟಿತು. ಇವರಿಬ್ಬರಿಗೂ ಒಂದೇ ದಿನ ಒಂದೇ ಅನುಮಾನ ಯಾಕೆ? ತನ್ನ ಮೂಗಿನ ವಿಷಯ ಗೊತ್ತಾಯಿತೇ? ಆ ಭಯಕ್ಕೆ ಅವಳ ದನಿ ತಾನಾಗಿಯೇ ಏರಿತು. "ಮೂಗು ನಂದೋ ನಿಮ್ದೋ?" ಎಂದಳು. ಅಪ್ಪ ಮಗನ ಮುಖ ನೋಡಲಿಲ್ಲ, ಮಗ ಅಪ್ಪನ ಮುಖ ನೋಡಲಿಲ್ಲ.

ಮಧ್ಯಾಹ್ನ ಜಲಜಾ ಒಂದೇ ಸಮನೆ ಸೀನುತ್ತಾ, ಎರಡು ದಿನದಿಂದ ಮೂಗು ಕಟ್ಟಿದೆ, ಕಾಫಿಯ ವಾಸನೆಯೂ ಗೊತ್ತಾಗುತ್ತಿಲ್ಲ ಎಂದಳು. ಲಿಂಗಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಹೋಗಿ ಮತ್ತೆ ಬಾಗಿಲು ಮುಟ್ಟಿ ನೋಡಿದಳು. ತೂತಿನ ಬಳಿ ನಾಲ್ಕು ನೊಣ ಕೂತಿದ್ದವು. ಮಳೆಗಾಲವಲ್ಲವೇ, ನೊಣ ಎಲ್ಲಿಲ್ಲ? ಒಂದೇ ಹೊಗೆಗೆ ಇಷ್ಟು ಬೇಗ ಹಣ್ಣಾಗುವುದುಂಟೇ? ಈಗ ತೆಗೆಯಿರಿ ಎಂದರೆ ಬೆಳಿಗ್ಗೆ ಯಾಕೆ ಬೇಡ ಅಂದೆ ಎಂದು ಕೇಳುತ್ತಾರೆ. ನಾಲ್ಕು ಸಲ ಹಿತ್ತಿಲಿಗೂ ಅಡುಗೆಮನೆಗೂ ತಿರುಗಿದಳು. ಸಂಜೆಯಾಯಿತು, ದೀಪ ಹಚ್ಚಿದಳು, ಬಾಯಿ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಗಾಡಿಯವರು ಬಂದು ನಿಂತರು. ಲಕ್ಷ್ಮೀಪತಿ ಮಣ್ಣು ಕೆರೆದು ಬಾಗಿಲು ಎಳೆದ. ಒಳಗಿಂದ ಬಿಸಿಗಾಳಿ ಬಂದು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು, ಲಿಂಗಮ್ಮ ಒಬ್ಬಳು ನಿಂತಲ್ಲೇ ನಿಂತಿದ್ದಳು. ಮುಂದಿನ ಸಾಲಿನ ಗೊನೆಯನ್ನು ದಿಂಡು ಹಿಡಿದು ಎತ್ತಿದರೆ ಬರಿಯ ದಿಂಡು ಕೈಗೆ ಬಂತು. ಹಣ್ಣೆಲ್ಲ ಕಳಚಿ ಕೆಳಗೆ ಬಿದ್ದು ಪಚಪಚ ಒಡೆಯಿತು. ಹಿಂದಿನ ಸಾಲು ಕಪ್ಪು. ಅದರ ಹಿಂದಿನದು ಸೋರುತ್ತಿತ್ತು. ಆ ಕಡೆಯ ಕೋಣೆಯಲ್ಲಿ ಒಂದು ಎಂಟು ಗೊನೆ ಮಾತ್ರ ಮುಟ್ಟುವ ಹಾಗಿತ್ತು. ಗಾಡಿಯವರು ಅದನ್ನೇ ಹಂಚಿಕೊಂಡು, ಏನೋ ಆಗಿ ಹೋಯಿತು ಬಿಡಿ ಎಂದು ಬೇರೆ ಮಂಡಿಗೆ ಹೊರಟರು.

ನೆಲ ಬಳಿಯುವಾಗ ನಾರಾಯಣಪ್ಪನ ಕೈಗೆ ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಬೂದಿಬಣ್ಣದ ಪುಡಿ, ಕಾರ್ಬೈಡ್. ಹುಡುಕಿದರೆ ಇನ್ನೂ ಹತ್ತು ಸಿಕ್ಕವು.

"ಬೆಂಕಿ ಮಡಕೆ ಪಕ್ಕದಲ್ಲಿ ಇದನ್ನ ಇಟ್ಟಿದ್ದೀಯಲ್ಲೋ" ಎಂದ ನಾರಾಯಣಪ್ಪ. "ಒಂದು ಕಿಡಿ ಒಳಗೆ ಹೋಗಿದ್ರೆ ಗ್ಯಾಸು ಹತ್ಕೊಂಡು ನಿನ್ನ ಹೆಂಡ್ತಿ, ನಿನ್ನ ತಾಯಿ ಇಬ್ಬರೂ ಇರ್ತಿರಲಿಲ್ಲ."

"ರಾಯರು ಹೋಗ್ತಾರೋ ಇಲ್ವೋ ಅಂತ ಕಾಯ್ತಾ ಕೂತಿದ್ರೆ ಹಬ್ಬ ಮುಗಿದುಹೋಗ್ತಿತ್ತು. ಅದಕ್ಕೆ ತುಂಬುವಾಗಲೇ ಇಟ್ಟೆ" ಎಂದ ಲಕ್ಷ್ಮೀಪತಿ. ತಲೆ ತಗ್ಗಿಸಿದವನು ಮತ್ತೆ ಎತ್ತಿದ. "ಅಷ್ಟಕ್ಕೇ ಹೀಗಾಗಲ್ಲ ಅಪ್ಪ. ಬುಧವಾರ ಬೆಳಿಗ್ಗೆ ಮಡಕೆ ಬಿಸಿ ಇತ್ತು. ಯಾರು ಹಚ್ಚಿದ್ದು?"

ಹಚ್ಚಿದ್ದು ನಾರಾಯಣಪ್ಪನೇ. ರಾಯರು ಏಳುವ ಮುಂಚೆ, ಹಾಲಿನವನು ಬರುವ ಮುಂಚೆ, ಬುಧವಾರ ಒಂದು ಮಡಕೆ, ಗುರುವಾರ ಒಂದು ಮಡಕೆ. ಒಪ್ಪಿಕೊಳ್ಳುವಾಗ ಅವನ ದನಿ ಎಲ್ಲೋ ಹೂತುಹೋಗಿತ್ತು. ಒಬ್ಬರಿಗೆ ತಿಳಿಯದಂತೆ ಒಬ್ಬರು, ಮೂರು ದಿನದ ಕೆಲಸವನ್ನು ಮೂರು ಪಟ್ಟು ಮಾಡಿಟ್ಟಿದ್ದರು. ಗುರುವಾರ ಇಬ್ಬರೂ ಇವತ್ತೇ ತೆಗೆಯೋಣ ಎಂದದ್ದು ಯಾಕೆಂದು ಲಿಂಗಮ್ಮನಿಗೆ ಆಗ ಅರ್ಥವಾಯಿತು. ಅವರ ತಪ್ಪು ನಿನ್ನೆಯೇ ಸರಿಹೋಗುತ್ತಿತ್ತು. ನಿನ್ನೆ ತೆಗೆದಿದ್ದರೆ ಮುಕ್ಕಾಲು ಪಾಲು ಹಣ್ಣು ಉಳಿಯುತ್ತಿತ್ತು. ಬೇಡವೆಂದವಳು ಅವಳು.

ತಪ್ಪು ಸಿಕ್ಕಿಬಿದ್ದ ಗಂಡಸರಿಗೆ ಇನ್ನೊಬ್ಬರು ಬೇಕಾಗುತ್ತಾರೆ. ನಾರಾಯಣಪ್ಪನಿಗೆ ಜಲಜಾ ಸಿಕ್ಕಳು. ಇದೆಲ್ಲ ಶುರುವಾದದ್ದು ಅವಳ ಗೋಡೆಯಿಂದ, ಅವಳ ನಾಲ್ಕು ಗಂಟೆಯಿಂದ, ಮೊದಲು ಹೇಗಿತ್ತೋ ಹಾಗೇ ಇದ್ದಿದ್ದರೆ ಯಾರೂ ಕಳ್ಳರ ಹಾಗೆ ಹೊಗೆ ಹಾಕಬೇಕಿರಲಿಲ್ಲ ಎಂದ. ಗೋಡೆಯನ್ನು ಹಬ್ಬ ಮುಗಿದ ಮೇಲೆ ಕೆಡವಿಸುತ್ತೇನೆ ಎಂದ. ಕೊನೆಗೆ ಸೊಸೆಯ ಕಡೆ ನೋಡದೆ, "ಗೌರಿ ಹಬ್ಬಕ್ಕೆ ಕೆಂಗೇರಿಗೆ ಹೋಗೋಳು ಇವತ್ತೇ ಹೋಗ್ಲಿ. ನಾವು ಹೇಳಿ ಕಳಿಸೋವರೆಗೂ ಅಲ್ಲೇ ಇರ್ಲಿ" ಎಂದ.

ಲಕ್ಷ್ಮೀಪತಿ ಹೆಂಡತಿಯ ಪರವಾಗಿ ಏನಾದರೂ ಹೇಳುತ್ತಾನೆಂದು ಲಿಂಗಮ್ಮ ಕಾದಳು. ಅವನು ಪೊರಕೆ ತೆಗೆದುಕೊಂಡು ನೆಲ ಉಜ್ಜತೊಡಗಿದ. ಜಲಜಾ ಅಳಲಿಲ್ಲ. ಒಳಗೆ ಹೋಗಿ ಹುರುಳಿಕಾಯಿ ಹೆಚ್ಚಲು ಕೂತಳು, ನಡುನಡುವೆ ಸೀನಿದಳು. ಹೆಚ್ಚಿ ಮುಗಿದ ಮೇಲೆ ಎದ್ದು ಹಗ್ಗದ ಮೇಲಿನ ತನ್ನ ಸೀರೆಗಳನ್ನು ಮಾತ್ರ ಮಡಿಸಿದಳು.

ಸುಮ್ಮನಿದ್ದರೆ ಲಿಂಗಮ್ಮ ಉಳಿದುಕೊಳ್ಳುತ್ತಿದ್ದಳು. ಯಾರೂ ಅವಳನ್ನು ಕೇಳಿರಲಿಲ್ಲ, ಕೇಳುವವರೂ ಇರಲಿಲ್ಲ. ಹೊಗೆ ಮೂರು ಪಟ್ಟಾಗಿದೆ ಎಂದು ಯಾವ ಮೂಗಿಗೆ ಗೊತ್ತಾಗುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು. ಅವಳು ಅನ್ನ ಬಸಿದಳು, ತಟ್ಟೆ ಹಾಕಿದಳು, ಗಂಡನಿಗೆ ಬಡಿಸಿದಳು, ಮಗನಿಗೆ ಬಡಿಸಿದಳು. ಸಾರು ಬಡಿಸುವಾಗ ಬಾಗಿಲ ಹತ್ತಿರ ತುಂಬಿಟ್ಟಿದ್ದ ಸೊಸೆಯ ಬ್ಯಾಗು ಕಣ್ಣಿಗೆ ಬಿತ್ತು. ಆ ಹುಡುಗಿ ಎರಡು ದಿನ ಮಳೆಯಲ್ಲಿ ನಿಂತದ್ದು ಮನೆಯ ಹೊಗೆಗಾಗಿ. ಅವಳ ಮೂಗು ಕಟ್ಟಿದ್ದು ಅದರಿಂದ. ಲಿಂಗಮ್ಮನಿಗೆ ತಡೆಯಲಾಗಲಿಲ್ಲ.

"ನಂಗೆ ವಾಸನೆ ಗೊತ್ತಾಗಲ್ಲ" ಎಂದಳು.

ನಾರಾಯಣಪ್ಪ ತಲೆ ಎತ್ತಿದ.

"ಯುಗಾದಿಯಿಂದ ಗೊತ್ತಾಗ್ತಿಲ್ಲ. ಒಂದು ಚೂರೂ ಇಲ್ಲ. ನಿನ್ನೆ ನೀವು ತೆಗೀತೀನಿ ಅಂದ್ರಿ, ಇವನೂ ಅಂದ. ಬೇಡ ಅಂದಿದ್ದು ನಾನು. ಕೆಡಿಸಿದ್ದು ನಾನು."

ಅವನು ನಂಬಲಿಲ್ಲ. ಸೊಸೆಯನ್ನು ಉಳಿಸಿಕೊಳ್ಳುವುದಕ್ಕೆ ಈ ಕಥೆ ಕಟ್ಟುತ್ತಿದ್ದೀಯ ಎಂದ. ಯುಗಾದಿಯಿಂದ ಎಷ್ಟು ಲಾರಿ ಬಂದಿದೆ, ಒಂದು ಸಲವಾದರೂ ತಪ್ಪಿದೆಯೇ, ಮೂಗಿಲ್ಲದೆ ಅಷ್ಟು ಸಲ ಬಾಗಿಲು ತೆಗೆಸಿದವರು ಯಾರು ಎಂದು ಕೇಳಿದ.

"ಇವಳು" ಎಂದಳು ಲಿಂಗಮ್ಮ, ಜಲಜಾಳ ಕಡೆ ಕೈ ತೋರಿಸಿ. "ಬಾಗಿಲ ಹತ್ರ ಕಳಿಸಿ ಇವಳ ಮುಖ ನೋಡ್ತಿದ್ದೆ. ಮುಖ ಎತ್ತಿದ್ರೆ ಹಣ್ಣು. ನಿನ್ನೆ ಇವಳಿಗೆ ಶೀತ."

ಮೊದಲು ಮಾತಾಡಿದವಳು ಜಲಜಾ. ಅವಳ ದನಿಯಲ್ಲಿ ಉಪಕಾರಸ್ಮರಣೆಯೇನೂ ಇರಲಿಲ್ಲ.

"ಅದಕ್ಕಾ ಪೊರಕೆ ಅಲ್ಲಿಡ್ತಿದ್ದಿದ್ದು?"

"ಹೂಂ."

"ಬಗ್ಗೋಕೆ ಬೇಜಾರಾ ಅಂತ ಬೈದ್ರಲ್ಲ ಅತ್ತೆ."

"ಬೈದೆ."

"ಹೇಳಿದ್ರೆ ನಾನೇ ಮೂಸ್ತಿರಲಿಲ್ವಾ? ಇಷ್ಟೆಲ್ಲ ಹಾಳಾಗ್ತಿತ್ತಾ?" ಎಂದಳು ಜಲಜಾ. ಈಗ ಅವಳಿಗೆ ಅಳು ಬಂತು. ಅತ್ತೆಯ ಮೇಲಿನ ಸಿಟ್ಟಿಗೋ, ಬೆಳಗಿನಿಂದ ಹಿಡಿದಿಟ್ಟುಕೊಂಡದ್ದಕ್ಕೋ, ಅವಳಿಗೇ ತಿಳಿದಿರಲಿಕ್ಕಿಲ್ಲ. ಲಿಂಗಮ್ಮ ಏನು ಮಾಡುವುದೆಂದು ತೋಚದೆ ಸಾರಿನ ಪಾತ್ರೆ ಹಿಡಿದುಕೊಂಡೇ ನಿಂತಳು. ನಾರಾಯಣಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಬಾಗಿಲ ಹತ್ತಿರ ಇದ್ದ ಬ್ಯಾಗನ್ನು ದಾಟಿ ಹೋದವನು ಹಿಂದಕ್ಕೆ ಬಂದು, ಅದನ್ನು ಎತ್ತಿ ಒಳಕೋಣೆಯಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ.

ಬಾಳೆಹಣ್ಣಿನ ವ್ಯಾಪಾರದ ಮನೆಯವರು ಆ ವರ್ಷ ಗೌರಿಗೆ ತಳ್ಳುಗಾಡಿಯಿಂದ ಎರಡು ಚಿಪ್ಪು ಕೊಂಡು ತಂದರು. ಬೀದಿಯ ಹಸುಗಳು ಮೂರು ದಿನ ಆ ಮನೆಯ ಮುಂದೆಯೇ ಮಲಗಿದ್ದವು. ವತ್ಸಲಾ ಪೂಜೆಗೆ ಹಣ್ಣು ಕೇಳಿಕೊಂಡು ಬಂದಾಗ ಲಿಂಗಮ್ಮ ಮುಚ್ಚುಮರೆ ಮಾಡದೆ ಎಲ್ಲವನ್ನೂ ಹೇಳಿದಳು, ಗಂಡ ನಸುಕಿನಲ್ಲಿ ಹಾಕಿದ ಎರಡು ಹೊಗೆಯನ್ನೂ ಸೇರಿಸಿ. ವತ್ಸಲಾಗೆ ನಗಬೇಕೋ ಸಿಟ್ಟು ಮಾಡಬೇಕೋ ಗೊತ್ತಾಗಲಿಲ್ಲ. ಆ ಎರಡು ದಿನ ಬೆಳಗಿನ ಜಾವ ಮಾವ ಎದ್ದು ಕೂತದ್ದು ಅದಕ್ಕೇನಾ ಎಂದಳು. ಬರೆದು ಕೊಡುವ ಮಾತು ಎತ್ತಲಿಲ್ಲ, ಎತ್ತುವುದಿಲ್ಲ ಎಂದೂ ಹೇಳಲಿಲ್ಲ.

ಹಬ್ಬ ಕಳೆದ ಎರಡನೆಯ ವಾರ ಮೂವತ್ತು ಗೊನೆ ಬಂತು. ಅಡ್ಡಗೋಡೆ ಇನ್ನೂ ಹಾಗೇ ಇತ್ತು. ಅದನ್ನು ಕೆಡವುವ ಮಾತನ್ನು ನಾರಾಯಣಪ್ಪ ಮತ್ತೆ ಆಡಲಿಲ್ಲ, ಹೆಂಡತಿಯೊಡನೆ ಬೇರೆ ಮಾತನ್ನೂ ಹೆಚ್ಚಾಗಿ ಆಡಲಿಲ್ಲ. ಚಿಕ್ಕ ಕೋಣೆ ತುಂಬಿದರು. ಎರಡು ಸಂಜೆ ರಾಯರು ಹೋದ ಮೇಲೆ ಅರ್ಧರ್ಧ ಮಡಕೆ ಹೊಗೆ ಹಾಕಿದರು. ಮೂರನೆಯ ದಿನ ಬೆಳಿಗ್ಗೆ ಲಿಂಗಮ್ಮ ತಾನಾಗಿಯೇ ಸೊಸೆಯನ್ನು ಕರೆದುಕೊಂಡು ಹಿತ್ತಿಲಿಗೆ ಹೋದಳು. ಗಂಡಸರಿಬ್ಬರೂ ಹಿಂಬಾಗಿಲಲ್ಲಿ ನಿಂತರು.

ಬೆಣೆ ಎಳೆದು ಜಲಜಾ ಮೂಗಿಟ್ಟಳು. ತುಂಬಾ ಹೊತ್ತು ಇಟ್ಟಳು. ಮುಖ ತೆಗೆದು, ಮತ್ತೆ ಇಟ್ಟಳು. ಇಷ್ಟು ದಿನ ತಿಳಿಯದೆಯೇ ಸರಿಯಾಗಿ ಹೇಳುತ್ತಿದ್ದ ಹುಡುಗಿ, ಈಗ ಎಲ್ಲರೂ ಕಾಯುತ್ತಿರುವಾಗ ಗಾಬರಿ ಬಿದ್ದಿದ್ದಳು.

"ಏನೋ ಬರ್ತಿದೆ ಅತ್ತೆ. ಇದೇನಾ ಅಂತ ಗೊತ್ತಾಗ್ತಿಲ್ಲ" ಎಂದಳು. "ಹಣ್ಣಾಗಿದ್ರೆ ಹೆಂಗಿರತ್ತೆ ವಾಸನೆ? ನೀವು ಹೇಳಿ."

ಲಿಂಗಮ್ಮ ಹೇಳಲು ಬಾಯಿ ತೆರೆದಳು. ಬೆಲ್ಲ ಕರಗುವಾಗ ಬರುತ್ತದಲ್ಲ, ಅದರ ಹಾಗೆ ಎಂದಳು. ಅಲ್ಲ, ಅದಕ್ಕಿಂತ ತಣ್ಣಗೆ. ಮೊದಲು ಸೌತೆಕಾಯಿ ಹೆಚ್ಚಿದ ಹಾಗಿರುತ್ತದೆ, ಆಮೇಲೆ ಅದು ಹೋಗಿ ಇನ್ನೊಂದು ಬರುತ್ತದೆ. ಆ ಇನ್ನೊಂದು ಎಂಥದು? ಇಪ್ಪತ್ತೆರಡು ವರ್ಷ ಮೂಗಿನಲ್ಲೇ ಇದ್ದದ್ದು, ನೆನಪಿಗೆ ಕೈ ಹಾಕಿದರೆ ಅಲ್ಲಿ ಏನೂ ಇರಲಿಲ್ಲ. ಹಿಂಬಾಗಿಲಲ್ಲಿ ನಿಂತ ಗಂಡ ತನ್ನನ್ನೇ ನೋಡುತ್ತಿದ್ದಾನೆ ಎಂದು ತಿಳಿಯಿತು, ಅವಳು ಆ ಕಡೆ ತಿರುಗಲಿಲ್ಲ. ಸೊಸೆಯ ಹತ್ತಿರಕ್ಕೆ ಹೋಗಿ, ಅವಳ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ತೂತಿನ ಕಡೆ ಬಗ್ಗಿಸಿದಳು.

"ಇನ್ನೊಂದ್ಸಲ ಎಳ್ಕೋ. ನಮ್ಮನ್ನೆಲ್ಲ ಮರ್ತುಬಿಡು" ಎಂದಳು. "ಬಾಯಲ್ಲಿ ನೀರು ಬಂತಾ?"

ಜಲಜಾ ಉಸಿರು ಎಳೆದುಕೊಂಡಳು. ಗುಟುಕರಿಸಿದಳು.

"ಬಂತು ಅತ್ತೆ."

"ಬಾಗಿಲು ತೆಗಿ ಮತ್ತೆ" ಎಂದಳು ಲಿಂಗಮ್ಮ.